ಬಾಬಣ್ಣನಿಗೆ ಬಡಿಸಿದ ಎಲೆ

ಇದನ್ನು ಬರೆಯಬೇಕೆಂದು ಕುಳಿತು ಎದ್ದದ್ದು ಎಷ್ಟು ಸಲವೋ. ಹೆಂಡತಿ ಇದ್ದಾಗ ಅವಳ ಕಣ್ಣೆದುರು ಬರೆಯುವ ಧೈರ್ಯ ಬರಲಿಲ್ಲ. ಅವಳು ಹೋದ ಮೇಲೆ, ಇನ್ನು ಬರೆದು ಯಾರಿಗೆ ತೋರಿಸಲಿಕ್ಕೆ ಎಂದು ಬಿಟ್ಟೆ. ಆಮೇಲೆ ಕಣ್ಣಿನ ಪೊರೆಯ ನೆಪ ಸಿಕ್ಕಿತು. ಅದರ ಆಪರೇಷನ್ ಕೂಡ ಆಗಿ ಈಗ ಅಕ್ಷರ ಚೆನ್ನಾಗಿ ಕಾಣುತ್ತದೆ. ಹೇಳಲಿಕ್ಕೆ ಬೇರೆ ನೆಪ ಉಳಿದಿಲ್ಲ. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು, ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ಮಾಡಿದ ತಪ್ಪನ್ನು ಮಾತ್ರ ತಿದ್ದಲಿಕ್ಕಾಗುವುದಿಲ್ಲ, ಅದು ಇದ್ದ ಹಾಗೆಯೇ ಇರಲಿ.

ಈಗ ನಾನು ಕಾಟಿಪಳ್ಳದಲ್ಲಿ ಮಗಳ ಮನೆಯಲ್ಲಿದ್ದೇನೆ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ನಮ್ಮ ಕಡೆ ತೀರಿಕೊಂಡವರಿಗೆ ಬಡಿಸುವ ಕ್ರಮವಿದೆ. ಅವರು ಬದುಕಿದ್ದಾಗ ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನು ಮಾಡಿ, ಒಂದು ಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಊದುಬತ್ತಿ ಹಚ್ಚಿ, ಬಂದು ಉಣ್ಣಿ ಎಂದು ಹೇಳಿ ಬಾಗಿಲು ಎಳೆದುಕೊಳ್ಳುತ್ತೇವೆ. ಅವರು ಉಣ್ಣುವಷ್ಟು ಹೊತ್ತು ಯಾರೂ ಒಳಗೆ ಹೋಗಬಾರದು. ಮತ್ತೆ ಬಾಗಿಲು ತಟ್ಟಿ, ಅವರಿಗೆ ತಿಳಿಸಿಯೇ ಒಳಗೆ ಕಾಲಿಡಬೇಕು. ಕಳೆದ ವಾರ ಮಗಳು ತನ್ನ ತಾಯಿಗೆಂದು ಬಡಿಸಿ ಬಾಗಿಲು ಹಾಕಿದಳು. ಬಾಗಿಲ ಸಂದಿನಿಂದ ಮೀನು ಸಾರಿನ ಪರಿಮಳವೂ ಊದುಬತ್ತಿಯ ಹೊಗೆಯೂ ಒಟ್ಟಿಗೆ ಬಂದವು. ಬೇರೆ ಬೇರೆಯಾಗಿ ಬಂದರೆ ನನಗೆ ಏನೂ ಆಗುವುದಿಲ್ಲ. ಎರಡೂ ಸೇರಿದರೆ ಅಲ್ಲಿ ನಿಲ್ಲಲಿಕ್ಕಾಗುವುದಿಲ್ಲ. ಸೆಕೆ ಎಂದು ಸುಳ್ಳು ಹೇಳಿ ಆ ಮಳೆಯಲ್ಲಿ ಅಂಗಳಕ್ಕೆ ಇಳಿದು ನಿಂತೆ.

ಹತ್ತು ಹನ್ನೆರಡು ವರ್ಷದ ಹಿಂದೆ ಜೆಪ್ಪುವಿನಲ್ಲಿ ನನಗೊಂದು ಮೀನೂಟದ ಹೋಟೆಲ್ ಇತ್ತು. ಗಲ್ಫಿನಲ್ಲಿ ಬೇರೆಯವರ ಅಡುಗೆಮನೆಯಲ್ಲಿ ದುಡಿದು ಬಂದು ಮಾಡಿದ ಹೋಟೆಲ್. ಅಡುಗೆಯ ಉಸ್ತುವಾರಿ ಹೆಂಡತಿಯದ್ದು, ಗಲ್ಲಾಪೆಟ್ಟಿಗೆ ನನ್ನದು, ಬಡಿಸುವುದು ಅಕ್ಕನದ್ದು. ಅಕ್ಕ ಎಂದರೆ ನನಗೆ ಸಂಬಂಧಿಯಲ್ಲ. ನಾವೂ ಗಿರಾಕಿಗಳೂ ಹಾಗೆಯೇ ಕರೆಯುತ್ತಿದ್ದೆವು. ಮೀನುಗಾರರ ಮನೆಯ ವಿಧವೆ. ಬೆಂಗ್ರೆಯಿಂದ ದೋಣಿಯಲ್ಲಿ ನದಿ ದಾಟಿ, ಮೀನಿನ ಬೋಟುಗಳು ನಿಲ್ಲುವ ಧಕ್ಕೆಯಿಂದ ನಡೆದು ಬರುತ್ತಿದ್ದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅನ್ನದ ಪಾತ್ರೆ ಹಿಡಿದರೆಂದರೆ ಹೋಟೆಲಿಗೆ ಜೀವ ಬಂದ ಹಾಗೆ.

ಅವರಿಗೆ ಗಿರಾಕಿಗಳ ಹೆಸರು ಗೊತ್ತಿರಬೇಕೆಂದೇನೂ ಇರಲಿಲ್ಲ. ಹತ್ತಿರದ ಶಾಲೆಯ ಮೇಷ್ಟ್ರು ಒಬ್ಬರು ಬಂದು ಕೂತರೆ, “ಎಂತ ಮಾಷ್ಟ್ರೆ, ಮುಖ ಸಣ್ಣ ಆಗಿದೆ? ಮನೆಯಲ್ಲಿ ಬೈಗುಳ ತಿಂದು ಬಂದದ್ದಾ? ಹಾಗಾದ್ರೆ ಅನ್ನ ಕಡಿಮೆ ಹಾಕ್ತೇನೆ, ಹೊಟ್ಟೆಯಲ್ಲಿ ಜಾಗ ಇರ್ಲಿಕ್ಕಿಲ್ಲ” ಎನ್ನುತ್ತಿದ್ದರು. ಹೊರ ಊರಿನ ಕಾಲೇಜು ಹುಡುಗಿ ನಮ್ಮ ಖಾರಕ್ಕೆ ಕಣ್ಣೀರು ಹಾಕುತ್ತಿದ್ದರೆ, ಕೇಳುವ ಮೊದಲೇ ಮೊಸರು ತಂದಿಟ್ಟು, “ನಾಳೆಯಿಂದ ನಿನಗೆ ಸಾರಿನ ಮೇಲಿನ ತಿಳಿ ತೆಗೆದಿಡ್ತೇನೆ ಮಗಾ, ಊಟ ಬಿಡ್ಬೇಡ” ಎನ್ನುವರು. ಮರುದಿನ ನಿಜವಾಗಿಯೂ ತೆಗೆದಿಡುವರು. ಇಷ್ಟು ಮಾತು ಯಾಕೆ, ಬೇಗ ಬೇಗ ಬಡಿಸಿದರೆ ಇನ್ನೂ ಒಂದು ಪಂಕ್ತಿ ಆಗುತ್ತದಲ್ಲ ಎಂದು ನನಗೆ ಒಳಗೊಳಗೇ ಕಿರಿಕಿರಿಯಾಗುತ್ತಿತ್ತು. ಜನ ಮೀನಿಗೆ ಬರುತ್ತಾರೆ ಎಂದೇ ನಾನು ತಿಳಿದಿದ್ದೆ.

ದಿನಾ ಮಧ್ಯಾಹ್ನ ಬರುವವರಲ್ಲಿ ಬಾಬಣ್ಣ ಒಬ್ಬರು. ಮೊದಲು ಬೋಟಿನಲ್ಲಿ ಕಡಲಿಗೆ ಹೋಗುತ್ತಿದ್ದರು, ಮೊಣಕಾಲು ಕೆಟ್ಟ ಮೇಲೆ ಮಂಜುಗಡ್ಡೆ ಫ್ಯಾಕ್ಟರಿಯಲ್ಲಿ ಕಾವಲು ಕೂತರು. ಮದುವೆಯಾಗಿರಲಿಲ್ಲ. ಇದ್ದ ಒಬ್ಬ ತಂಗಿಯೂ ತೀರಿಕೊಂಡಿದ್ದಳು. ಅವರಿಗೆ ನಿನ್ನೆಯ ಮೀನು ಸಾರೇ ಆಗಬೇಕು. ಒಂದು ರಾತ್ರಿ ಕಳೆದು ಹುಳಿ ಖಾರ ಮೀನಿಗೆ ಹಿಡಿದ ಸಾರಿನ ರುಚಿ ನಮ್ಮ ಕಡೆಯ ಎಲ್ಲರಿಗೂ ಗೊತ್ತು, ಆದರೆ ಹೋಟೆಲಿನಲ್ಲಿ ಹಳೆಯ ಸಾರು ಮಾರಲಿಕ್ಕಾಗುವುದಿಲ್ಲವಲ್ಲ. ಅಕ್ಕ ದಿನಾ ಮುಚ್ಚುವ ಮೊದಲು ಒಂದು ಸಣ್ಣ ಮಣ್ಣಿನ ಪಾತ್ರೆಯಲ್ಲಿ ಅವರಿಗೆಂದೇ ಸ್ವಲ್ಪ ಸಾರು ಎತ್ತಿಟ್ಟು, ಕುದಿಸಿ ಹೋಗುತ್ತಿದ್ದರು.

“ಬಾಬಣ್ಣ, ಇವತ್ತಿನದ್ದು ಭಾರೀ ಒಳ್ಳೆದುಂಟು. ಒಮ್ಮೆ ತಿಂದು ನೋಡಿ.”

“ಇವತ್ತಿನದ್ದು ನಾಳೆ ಕೊಡು. ಇವತ್ತು ನಿನ್ನೆಯದ್ದು ಹಾಕು.”

“ಹೆಣ್ಣು ನೋಡ್ಲಿಕ್ಕೆ ಹೋದಲ್ಲಿಯೂ ಹೀಗೇ ನಾಳೆ ನಾಳೆ ಅಂದದ್ದಾ? ಅದಕ್ಕೇ ಮದುವೆ ಆಗದ್ದು ನಿಮಗೆ.”

ಬಾಬಣ್ಣ ನಕ್ಕರೆ ಬಾಯಿಯ ಅನ್ನ ಹೊರಗೆ ಬರುತ್ತಿತ್ತು. ಇಡೀ ದಿನದಲ್ಲಿ ಅವರ ಜೊತೆ ಯಾರಾದರೂ ಮಾತಾಡುವುದಿದ್ದರೆ ಅಲ್ಲಿ ಮಾತ್ರ ಎಂದು ನನಗೆ ಆಗ ಹೊಳೆಯಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ನಾನು ಹೋಟೆಲಿನ ಹಿಂದಿನ ಕೋಣೆಗೆ ಎಸಿ ಹಾಕಿಸಿದೆ. ಗಾಜಿನ ಬಾಗಿಲು ಬೇಡ, ಮರದ್ದೇ ಇರಲಿ, ಒಳಗೆ ಕೂತವರು ಹೊರಗಿನವರಿಗೆ ಕಾಣಬಾರದು ಎಂದು ಹೇಳಿ ಮಾಡಿಸಿದ್ದೆ. ಕಾರಿನಲ್ಲಿ ಬರುವವರು ಬರಬೇಕು, ಮದುವೆ ನಿಶ್ಚಿತಾರ್ಥದ ಊಟದ ಆರ್ಡರ್ ಸಿಗಬೇಕು ಎಂಬ ಆಸೆ. ಜೂನಿನಲ್ಲಿ ಮಳೆ ಹಿಡಿಯಿತು. ಅದೇ ಮಳೆಯಲ್ಲಿ ಬಾಬಣ್ಣ ಜ್ವರ ಬಂದು ಆಸ್ಪತ್ರೆಗೆ ಸೇರಿದರು, ಹೊರಗೆ ಬರಲಿಲ್ಲ. ಫ್ಯಾಕ್ಟರಿಯ ಕೆಲಸದವರೇ ಸೇರಿ ಮಣ್ಣು ಮಾಡಿದರು. ಅಕ್ಕ ಅವತ್ತು ಹೋಗಿ ಬಂದು, ಸ್ನಾನ ಮಾಡಿ, ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಬಡಿಸಲಿಕ್ಕೆ ನಿಂತರು. ಆ ದಿನ ಮಾತ್ರ ಯಾರನ್ನೂ ತಮಾಷೆ ಮಾಡಲಿಲ್ಲ.

ಆಟಿ ಶುರುವಾದಾಗ ಒಂದು ಸಂಜೆ ನನ್ನ ಮೇಜಿನ ಹತ್ತಿರ ಬಂದು ನಿಂತರು.

“ಧಣಿ, ಒಂದು ಮಾತುಂಟು. ಬಾಬಣ್ಣನಿಗೆ ಬಡಿಸುವವರು ಯಾರೂ ಇಲ್ಲ ಅಲ್ವಾ?”

“ಇಲ್ಲ. ಅದಕ್ಕೆಂತ?”

“ನಾನು ಬಡಿಸ್ತೇನೆ. ಇಷ್ಟು ವರ್ಷ ಬಡಿಸಿದವಳು ನಾನೇ.”

“ಬಡಿಸಿ. ನಿಮ್ಮ ಮನೆಯಲ್ಲಿ ತಾನೇ?”

“ಅಲ್ಲಿ ಬೇಡ. ನದಿ ದಾಟಿ ಬರ್ಬೇಕು, ಅವರಿಗೆ ನನ್ನ ಮನೆಯ ದಾರಿ ಗೊತ್ತಿಲ್ಲ. ಇಲ್ಲಿಗಾದ್ರೆ ಕಣ್ಣು ಮುಚ್ಚಿಕೊಂಡು ಬರ್ತಾರೆ.”

“ಎಂತದಕ್ಕ ನೀವು ಹೇಳುವುದು! ಹೋಟೆಲಿನಲ್ಲಿ ಯಾರಾದ್ರೂ ಸತ್ತವರಿಗೆ ಎಲೆ ಹಾಕ್ತಾರಾ? ಜನ ಕೇಳಿದ್ರೆ ಓಡ್ತಾರೆ.”

“ಜನ ಬರುವ ಮೊದಲೇ ಮುಗಿಸ್ತೇನೆ. ಒಂದು ಎಲೆ, ಅಷ್ಟೇ.”

ನಾನು ಬೇಡ ಎನ್ನಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. “ಆದಿತ್ಯವಾರ ಬೆಳಿಗ್ಗೆ, ಎಸಿ ರೂಮಿನಲ್ಲಿ, ಬಾಗಿಲು ಹಾಕಿಕೊಂಡು ಮಾಡಿ. ನೆಲ ಮಾತ್ರ ಹಾಳು ಮಾಡ್ಬೇಡಿ” ಎಂದೆ.

“ನೆಲದಲ್ಲಿ ಅಲ್ಲ ಧಣಿ. ನೆಲದಲ್ಲೇ ಹಾಕುವುದು ಕ್ರಮ, ಆದ್ರೆ ಅವರಿಗೆ ಮೊಣಕಾಲು ಮಡಚ್ಲಿಕ್ಕೆ ಆಗ್ತಿರ್ಲಿಲ್ಲ ಅಲ್ವಾ. ಮೇಜಿನ ಮೇಲೇ ಹಾಕ್ತೇನೆ. ಕುರ್ಚಿಯಲ್ಲಿ ಕೂತು ಸಾವಕಾಶ ಉಣ್ಲಿ.”

ನನಗೆ ನಗು ಬಂತು. ನಕ್ಕೆ ಕೂಡ. ಒಳಗೆ ಹೆಂಡತಿ ತೆಂಗಿನಕಾಯಿ ತುರಿಯುತ್ತಿದ್ದಳು, ಅವಳಿಗೂ ಎಲ್ಲ ಕೇಳಿಸುತ್ತಿತ್ತು.

ಆ ಆದಿತ್ಯವಾರ ಜೋರು ಮಳೆ. ಆಳಸಮುದ್ರದ ಬೋಟುಗಳಿಗೆ ರಜೆಯ ಸಮಯ, ಮೀನು ಸಿಗುವುದೇ ಕಷ್ಟ. ಆದರೂ ಅಕ್ಕ ಯಾರದ್ದೋ ನಾಡದೋಣಿಯವರಲ್ಲಿ ಹೇಳಿ ಹಿಂದಿನ ದಿನವೇ ಒಳ್ಳೆಯ ಬಂಗುಡೆ ತರಿಸಿ ಸಾರು ಮಾಡಿಟ್ಟಿದ್ದರು. ಬೆಳಿಗ್ಗೆ ಬಾಳೆ ಎಲೆ ತೊಳೆದು ಕೋಣೆಗೆ ಹೋದದ್ದನ್ನು ನೋಡಿದೆ. ಬಡಿಸಿ ಬಂದು ಬಾಗಿಲು ಎಳೆದು, ಹಿತ್ತಲಿನ ಮಾಡಿನಡಿಯಲ್ಲಿ ಹೋಗಿ ಕೂತರು. ಅದೇ ಹೊತ್ತಿಗೆ ಹೋಟೆಲಿನೆದುರು ಒಂದು ದೊಡ್ಡ ಕಾರು ನಿಂತಿತು.

ಬಂದವರು ನಗರದಲ್ಲಿ ಹೆಸರಿದ್ದ ಒಬ್ಬ ಕಂಟ್ರಾಕ್ಟರು. ಮಗನ ನಿಶ್ಚಿತಾರ್ಥದ ಊಟವನ್ನು ನಮಗೇ ಕೊಡಿ ಎಂದು ನಾನು ಹಿಂದೆ ಬಿದ್ದಿದ್ದೆ. ರುಚಿ ನೋಡಿ ಹೇಳ್ತೇನೆ ಎಂದಿದ್ದರು. ಜೊತೆಗೆ ಹೆಂಡತಿ, ವಯಸ್ಸಾದ ತಾಯಿ. “ಅಮ್ಮನಿಗೆ ಮಾತ್ರೆ ತಗೊಳ್ಳುವ ಹೊತ್ತಾಯ್ತು ಮಾರಾಯ್ರೆ. ಊಟ ಆಗಿದ್ಯಾ?” ಎಂದರು.

“ಆಗಿದೆ, ಆಗಿದೆ. ಒಳಗೆ ಎಸಿ ರೂಮುಂಟು, ಬನ್ನಿ” ಎಂದು ಓಡಿ ಹೋಗಿ ನಾನೇ ಬಾಗಿಲು ತೆರೆದೆ.

ಮರೆತುಹೋಗಿತ್ತು ಎಂದು ಹೆಂಡತಿಗೆ ಹೇಳಿದ್ದೆ. ಅರ್ಧ ಸತ್ಯ. ಹಿಡಿಗೆ ಕೈ ಹಾಕುವವರೆಗೆ ಮರೆತಿದ್ದೆ. ಬಾಗಿಲು ತೆರೆದ ಕೂಡಲೇ ಸಾರಿನ ಪರಿಮಳ, ಊದುಬತ್ತಿಯ ಪರಿಮಳ ಮೂಗಿಗೆ ಬಡಿದವು, ಎಲ್ಲ ನೆನಪಾಯಿತು. ಆಗ ನಾನು ಬಾಗಿಲು ಮುಚ್ಚಬಹುದಿತ್ತು. ಒಂದು ನಿಮಿಷ, ಕೋಣೆ ಸ್ವಚ್ಛ ಆಗಬೇಕು ಎಂದರೆ ಸಾಕಿತ್ತು. ಆದರೆ ಮುದುಕಿ ನನ್ನ ಪಕ್ಕದಿಂದ ಒಳಗೆ ನುಗ್ಗಿ ಆಗಲೇ ಕುರ್ಚಿ ಎಳೆದು ಕೂತಾಗಿತ್ತು. “ಓ, ಬಡಿಸಿಯೇ ಇಟ್ಟಿದ್ದಾರಲ್ಲ! ಈಗಿನ ಕಾಲದಲ್ಲಿ ಇಷ್ಟು ಯಾರು ಮಾಡ್ತಾರೆ?” ಎಂದು ಅನ್ನಕ್ಕೆ ಕೈ ಹಾಕಿದರು. ಕಂಟ್ರಾಕ್ಟರು ಸಂತೋಷದಿಂದ ನನ್ನ ಕಡೆ ನೋಡಿದರು. ನಾನು ಬಾಯಿ ಮುಚ್ಚಿಕೊಂಡು ನಿಂತೆ.

ಮುದುಕಿ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. “ಇದು ನಿನ್ನೆಯ ಸಾರು. ಅಲ್ವಾ? ನನ್ನ ಅಮ್ಮ ಹೀಗೆ ಎತ್ತಿಡ್ತಾ ಇದ್ರು. ಎಷ್ಟು ವರ್ಷ ಆಯ್ತು ತಿನ್ನದೆ.” ಮತ್ತೆ ಉಂಡರು. ಇಷ್ಟಪಟ್ಟು ಉಂಡರು.

ಬಾಗಿಲು ತಟ್ಟಿದ ಸದ್ದಾಯಿತು. ಒಳಗೆ ಯಾರೂ ಇಲ್ಲವೆಂದುಕೊಂಡು, ಸತ್ತವರಿಗೆ ತಿಳಿಸಿ ಬರುವ ಕ್ರಮದಲ್ಲಿ ಅಕ್ಕ ಮೆಲ್ಲಗೆ ತಟ್ಟಿ, ಕೈಯಲ್ಲಿ ನೀರಿನ ಚೊಂಬು ಹಿಡಿದು ಒಳಗೆ ಬಂದರು. ಎಲೆಯ ಮುಂದೆ ಕೂತ ಮುದುಕಿಯನ್ನು ನೋಡಿ ಅಲ್ಲೇ ನಿಂತುಬಿಟ್ಟರು. “ಅಯ್ಯೋ ದೇವೆರೆ” ಎಂದದ್ದು ಮಾತ್ರ ಕೇಳಿತು. ಕಂಟ್ರಾಕ್ಟರು ಆಗ ಸರಿಯಾಗಿ ಮೇಜಿನ ಕಡೆ ನೋಡಿದರು. ಗೋಡೆಯ ಬದಿಯಲ್ಲಿ ಉರಿದು ಮುಗಿಯುತ್ತಿದ್ದ ಊದುಬತ್ತಿ. ಲೋಟವನ್ನು ಸರಿಸಿದರೆ ಅದರ ಹಿಂದೆ, ಊಟವಾದ ಮೇಲೆ ಬಾಬಣ್ಣ ಸೇದುತ್ತಿದ್ದಂಥ ಒಂದು ಬೀಡಿ, ಬೆಂಕಿಪೊಟ್ಟಣ.

ಆಟಿ ತಿಂಗಳಲ್ಲಿ ಎಲೆಯ ಪಕ್ಕ ಬೀಡಿ ಯಾಕೆ ಇಡುತ್ತಾರೆಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

“ಎಂತ ಇದು?” ಎಂದರು. ಧ್ವನಿ ಏರಲಿಲ್ಲ, ಅದೇ ಹೆಚ್ಚು ಹೆದರಿಕೆಯಾದದ್ದು. “ಯಾರಿಗೆ ಬಡಿಸಿದ ಎಲೆಯಲ್ಲಿ ನನ್ನ ತಾಯಿಯನ್ನು ಕೂರಿಸಿದ್ದು ನೀವು?”

ನಾನು ಅಕ್ಕನ ಕಡೆ ಕೈ ತೋರಿಸಿದೆ. “ನನಗೆ ಗೊತ್ತಿಲ್ಲ ಸಾರ್. ದೇವರಾಣೆಗೂ ಗೊತ್ತಿಲ್ಲ. ಈ ಹೆಂಗಸು ನನಗೆ ಹೇಳದೆ ಎಂತದೋ ಮಾಡಿದ್ದಾಳೆ. ಎಂತ ಮಾಟವೋ ಏನೋ.”

ಆ ಮಾತು ನನ್ನ ಬಾಯಿಂದ ಯಾಕೆ ಬಂತೆಂದು ಇವತ್ತಿಗೂ ಗೊತ್ತಿಲ್ಲ. ಕುಲೆಗೆ, ಸತ್ತವರ ಆತ್ಮಕ್ಕೆ, ಬಡಿಸಿದ್ದು ಎಂದರೆ ನಾನು ಒಪ್ಪಿದ್ದೆ ಎಂದಾಗುತ್ತದೆ, ಮಾಟ ಎಂದರೆ ಪೂರ್ತಿ ಅಕ್ಕನ ತಲೆಗೆ ಹೋಗುತ್ತದೆ. ಅಷ್ಟು ಲೆಕ್ಕ ಆ ಕ್ಷಣದಲ್ಲಿ ನನ್ನ ತಲೆ ಹಾಕಿತೆಂದರೆ ನನಗೇ ಅಸಹ್ಯವಾಗುತ್ತದೆ.

“ಧಣಿ, ನೀವೇ ಅಲ್ವಾ...” ಎಂದು ಶುರು ಮಾಡಿದ ಅಕ್ಕ ನನ್ನ ಮುಖ ನೋಡಿ ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಲೇ ಇಲ್ಲ. ಮುದುಕಿಯ ಕೈ ಎಲೆಯ ಮೇಲೆ ಹಾಗೆಯೇ ಇತ್ತು. ಅವರ ಹತ್ತಿರ ಹೋಗಿ ಬಗ್ಗಿ, “ಅಮ್ಮ, ಹೆದರ್ಬೇಡಿ. ಒಳ್ಳೆ ಮನುಷ್ಯ ಅವರು, ಯಾರಿಗೂ ಕೆಟ್ಟದು ಬಯಸಿದವರಲ್ಲ. ಒಬ್ಬರೇ ಉಣ್ಣುವುದು ಅವರಿಗೆ ಬೇಸರ ಇತ್ತು. ಇವತ್ತು ಜೊತೆಯಲ್ಲಿ ನೀವಿದ್ರಿ. ಕೈ ಕೊಡಿ, ತೊಳೆದು ಬಿಡ್ತೇನೆ” ಎಂದರು. ಮುದುಕಿ ಮಗುವಿನ ಹಾಗೆ ಕೈ ಚಾಚಿದರು. ಅಕ್ಕ ಚೊಂಬಿನ ನೀರು ಹೊಯ್ದು, ಬೆರಳು ಬೆರಳಾಗಿ ತೊಳೆದು, ತಮ್ಮ ಸೆರಗಿನಲ್ಲೇ ಒರೆಸಿದರು. ನನ್ನ ಹೋಟೆಲಿನಲ್ಲಿ ಅವರು ಮಾಡಿದ ಕೊನೆಯ ಉಪಚಾರ ಅದು. ಕಂಟ್ರಾಕ್ಟರು ತಾಯಿಯನ್ನು ಎಬ್ಬಿಸಿಕೊಂಡು ಹೋದರು. ಅಕ್ಕ ಎಲೆ ಎತ್ತಿಕೊಂಡು ಹಿತ್ತಲಿನ ಬಾಗಿಲಿನಿಂದ ಹೋದರು, ಕೊಡೆ ಕೂಡ ತೆಗೆದುಕೊಳ್ಳದೆ.

ಅವತ್ತು ಸಂಜೆ ಹೆಂಡತಿ, “ನೀವು ಹೂಂ ಅಂದದ್ದು ನಾನೂ ಕೇಳಿದ್ದೇನೆ” ಎಂದಳು. ಅಷ್ಟೇ. ಮತ್ತೆ ಸಾಯುವವರೆಗೆ ಆ ವಿಷಯ ಎತ್ತಲಿಲ್ಲ.

ಮಾತು ಮಾತ್ರ ನಿಲ್ಲಲಿಲ್ಲ. ಮಾಟ ಎನ್ನುವ ಶಬ್ದಕ್ಕೆ ಕಾಲು ಬೇಗ. ಜೆಪ್ಪುವಿನಿಂದ ಬೋಳಾರಕ್ಕೆ, ಅಲ್ಲಿಂದ ಧಕ್ಕೆಗೆ. ಆ ಹೆಂಗಸು ಊಟಕ್ಕೆ ಎಂತದೋ ಹಾಕ್ತಾಳಂತೆ, ಅದಕ್ಕೇ ಗಿರಾಕಿಗಳು ದಿನಾ ಬರುವುದಂತೆ ಎಂದು ಕತೆ ಬೆಳೆಯಿತು. ಮೇಷ್ಟ್ರಿಗೆ ಖಾರ ಎಷ್ಟು, ಆ ಹುಡುಗಿಗೆ ಮೊಸರು ಯಾವಾಗ ಎಂದು ನೆನಪಿಟ್ಟುಕೊಂಡದ್ದೆಲ್ಲ ಈಗ ಜನರ ಬಾಯಲ್ಲಿ ಅನುಮಾನವಾಯಿತು. ಗೋಡೆ ಕಟ್ಟುವವನ ಮೇಲೋ ಬಟ್ಟೆ ಹೊಲಿಯುವವನ ಮೇಲೋ ಇಂಥ ಮಾತು ಬಂದರೆ ಹೇಗಾದರೂ ಬದುಕಿಯಾನು. ಅನ್ನ ಬಡಿಸುವ ಕೈಯ ಮೇಲೆ ಬಂದರೆ ಆ ಕೈಗೆ ಮತ್ತೆ ಯಾರು ಪಾತ್ರೆ ಕೊಡುತ್ತಾರೆ?

ನನಗೆ ಇನ್ನೂ ಒಂದು ಅವಕಾಶ ಸಿಕ್ಕಿತ್ತು. ಹೆದರಿಕೆಯಲ್ಲಿ ಬಾಯಿ ತಪ್ಪಿತು ಎಂದು ಮೊದಲನೆಯದ್ದಕ್ಕೆ ಹೇಳಬಹುದು, ಇದಕ್ಕೆ ಹಾಗೆ ಹೇಳಲಿಕ್ಕಿಲ್ಲ. ಆಟಿ ಕಳೆದು ಬಿಸಿಲು ಬಂದಿತ್ತು. ಬಿಕರ್ನಕಟ್ಟೆಯಲ್ಲಿ ಯಾತ್ರಿಗಳು ಬರುವ ಕಡೆ ಹೋಟೆಲ್ ನಡೆಸುತ್ತಿದ್ದ ಪರಿಚಯದವರೊಬ್ಬರು ಫೋನ್ ಮಾಡಿದರು.

“ಮಾರಾಯ್ರೆ, ನಿಮ್ಮಲ್ಲಿದ್ದ ಆ ಹೆಂಗಸು ಕೆಲಸ ಕೇಳ್ಲಿಕ್ಕೆ ಬಂದಿದ್ದಾರೆ. ಇಲ್ಲೇ ನಿಂತಿದ್ದಾರೆ. ನೋಡಿದ್ರೆ ಒಳ್ಳೆ ಜನದ ಹಾಗೆ ಕಾಣ್ತದೆ. ಆದ್ರೆ ಎಂತೆಂತದೋ ಕೇಳಿದ್ದೇನೆ. ಹೌದಾ ಅದು? ನೀವು ಇಲ್ಲ ಅಂತ ಒಂದು ಮಾತು ಹೇಳಿದ್ರೆ ನಾಳೆಯಿಂದಲೇ ಬರ್ಲಿಕ್ಕೆ ಹೇಳ್ತೇನೆ.”

ಫೋನಿನಲ್ಲಿ ಪಾತ್ರೆಗಳ ಸದ್ದು ಕೇಳುತ್ತಿತ್ತು. ಅಕ್ಕ ಅಲ್ಲಿ ಹೇಗೆ ನಿಂತಿರಬಹುದೆಂದು ನನಗೆ ಕಾಣುತ್ತಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸದೆ, ಹೊದ್ದುಕೊಂಡು. ಅಷ್ಟು ಹೊತ್ತಿಗೆ ನಾನು ಕಂಟ್ರಾಕ್ಟರ ಮನೆಗೆ ಹೋಗಿ ಕೈಮುಗಿದು, ಮಾಟ ಮಾಡಿದ ಆ ಹೆಂಗಸನ್ನು ಓಡಿಸಿದ್ದೇನೆ ಎಂದು ಹೇಳಿ, ನಿಶ್ಚಿತಾರ್ಥದ ಊಟದ ಆರ್ಡರ್ ತಂದಾಗಿತ್ತು. ಈಗ ಇಲ್ಲ ಎಂದರೆ ಅಲ್ಲಿ ಹೇಳಿದ್ದು ಸುಳ್ಳಾಗುತ್ತದೆ.

“ನಾನೆಂತ ಹೇಳುವುದು ಮಾರಾಯ್ರೆ” ಎಂದೆ. “ನಿಮ್ಮ ಹೋಟೆಲ್, ನಿಮ್ಮ ಇಷ್ಟ.”

“ಅರ್ಥ ಆಯ್ತು, ಅರ್ಥ ಆಯ್ತು” ಎಂದು ಅವರು ಫೋನ್ ಇಟ್ಟರು.

ಆಮೇಲೆ ಹೋಟೆಲಿಗೆ ಇಬ್ಬರು ಚುರುಕಿನ ಸಪ್ಲೈಯರುಗಳನ್ನು ತಂದೆ. ಮಾತಿಲ್ಲ ಕತೆಯಿಲ್ಲ, ಕೇಳಿದ್ದನ್ನು ತಂದಿಟ್ಟು ಹೋಗುವವರು. ಅದೇ ಮೀನು, ನನ್ನ ಹೆಂಡತಿಯದ್ದೇ ಮಸಾಲೆ. ಆದರೆ ಉಣ್ಣುವ ಜನ ತಲೆ ಎತ್ತುತ್ತಿರಲಿಲ್ಲ. ಮೇಷ್ಟ್ರು ಕೆಲವು ದಿನ ಬಂದರು, ಅಡುಗೆಮನೆಯ ಕಡೆ ನೋಡುತ್ತ ಉಂಡರು, ಆಮೇಲೆ ಬರಲಿಲ್ಲ. ಕಾಲೇಜಿನ ಹುಡುಗಿ ಮಾತ್ರ ನೇರವಾಗಿ ಕೇಳಿದಳು, “ಅಕ್ಕ ಎಲ್ಲಿ ಅಂಕಲ್?” ಊರಿಗೆ ಹೋಗಿದ್ದಾರೆ ಎಂದೆ. “ನನಗೆ ಹೇಳದೇ ಹೋದ್ರಾ?” ಎಂದು ಅವಳು ನನ್ನನ್ನೇ ನೋಡುತ್ತ ನಿಂತಳು. ನಮ್ಮ ಹೋಟೆಲಿಗೆ ಜನ ಯಾಕೆ ಬರುತ್ತಿದ್ದರೆಂದು ಆಗ ಗೊತ್ತಾಗಿ ಏನು ಪ್ರಯೋಜನ?

ಎಸಿ ಕೋಣೆಯಲ್ಲಿ ನನಗೆ ಕೂರಲಿಕ್ಕಾಗುತ್ತಿರಲಿಲ್ಲ. ಒಳಗೆ ಗಿರಾಕಿಗಳಿದ್ದರೂ ಸರಿ, ಇಲ್ಲದಿದ್ದರೂ ಸರಿ, ಮೆಲ್ಲಗೆ ಬಾಗಿಲು ತಟ್ಟಿದ ಹಾಗೆ ಕೇಳುತ್ತಿತ್ತು. ಎದ್ದು ಹೋಗಿ ತೆರೆದರೆ ಯಾರೂ ಇರುತ್ತಿರಲಿಲ್ಲ. ಎಸಿಯ ಸದ್ದಿರಬೇಕು ಎಂದು ಮೆಕ್ಯಾನಿಕನನ್ನು ಕರೆಸಿದೆ, ಅವನು ಎಲ್ಲ ಸರಿ ಇದೆ ಎಂದ. ಬಾಬಣ್ಣ ಬಂದಿರಬಹುದೆಂದು ನನಗೆ ಹೆದರಿಕೆಯಾಗಲಿಲ್ಲ. ಅವರು ಉಣ್ಣಲಿಕ್ಕೆ ಮಾತ್ರ ಬರುವವರು. ಬದುಕಿದ್ದ ಅಕ್ಕನೇ ಹೊರಗೆ ನಿಂತು ತಟ್ಟುತ್ತಿದ್ದಾರೆ, ನಾನು ಒಳಗಿನಿಂದ ಉತ್ತರ ಕೊಡುತ್ತಿಲ್ಲ, ಹಾಗೆ ಅನಿಸುತ್ತಿತ್ತು.

ಅವರು ಧಕ್ಕೆಯಲ್ಲಿ ಮೀನು ವಿಂಗಡಿಸುವ ಕೆಲಸಕ್ಕೆ ಸೇರಿದ್ದಾರೆಂದು ತಿಳಿಯಿತು. ಒಮ್ಮೆ ಹೋದೆ. ಮಂಜುಗಡ್ಡೆಯ ರಾಶಿಯ ಪಕ್ಕ ಕೂತು ಸಿಗಡಿ ಸುಲಿಯುತ್ತಿದ್ದರು. ಬೆರಳುಗಳು ತಣ್ಣಗಿನ ನೀರಿನಲ್ಲಿ ಬೆಳ್ಳಗಾಗಿದ್ದವು. ಪಕ್ಕದಲ್ಲಿ ಕೂತ ಹೆಂಗಸು ಏನೋ ಹೇಳಿದಳು, ಇವರು ತಲೆ ಎತ್ತಲಿಲ್ಲ, ನಗಲಿಲ್ಲ. ನಾನು ಕಂಬದ ಮರೆಯಲ್ಲಿ ನಿಂತು, ಕರೆಯಬೇಕೆಂದು ಬಾಯಿ ತೆರೆದು, ಹಾಗೆಯೇ ತಿರುಗಿ ಬಂದೆ. ಹೆಂಡತಿ ತೀರಿಕೊಂಡ ಮೇಲೆ ಹೋಟೆಲ್ ಮಾರಿದೆ. ಅದಾಗಿ ಕೆಲವು ಸಮಯಕ್ಕೆ ನಮ್ಮ ಹಳೆಯ ಅಡುಗೆಯವನು ರಸ್ತೆಯಲ್ಲಿ ಸಿಕ್ಕಿದ. ಅಕ್ಕ ಇನ್ನಿಲ್ಲ, ನಿಮಗೆ ಗೊತ್ತಿರ್ಬಹುದು ಎಂದ. ನನಗೆ ಗೊತ್ತಿರಲಿಲ್ಲ.

ಬಿಕರ್ನಕಟ್ಟೆಯ ಆ ಹೋಟೆಲ್ ಈಗ ಇಲ್ಲ. ಫೋನ್ ಮಾಡಿದವರು ಇದನ್ನು ಓದುತ್ತಾರೋ ಇಲ್ಲವೋ ತಿಳಿಯದು. ಆದರೂ ಅವತ್ತು ಅವರಿಗೆ ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಬರೆಯುತ್ತೇನೆ. ಇಲ್ಲ ಮಾರಾಯ್ರೆ, ಜನ ಹೇಳುವುದು ಸುಳ್ಳು. ಆ ಎಲೆ ಹಾಕಿದ್ದು ನನ್ನ ಒಪ್ಪಿಗೆಯಿಂದ. ಅದು ದಿಕ್ಕಿಲ್ಲದೆ ಸತ್ತ ಒಬ್ಬ ಗಿರಾಕಿಗೆ ಬಡಿಸಿದ ಊಟ. ಗೊತ್ತಿದ್ದೂ ಬೇರೆಯವರನ್ನು ಅಲ್ಲಿ ಕೂರಲು ಬಿಟ್ಟವನು ನಾನು, ಮಾಟ ಎಂದವನೂ ನಾನೇ. ಅವರ ಕೈಯಲ್ಲಿ ಬಡಿಸಿಕೊಂಡು ಉಂಡವರಿಗೆ ಒಳ್ಳೆಯದೇ ಆಗಿದೆ. ಎದುರಿಗೆ ನಿಂತಿದ್ದಾರಲ್ಲ, ಮೊದಲು ಅವರಿಗೆ ಕೂರಲಿಕ್ಕೆ ಹೇಳಿ. ನಾಳೆಯಿಂದಲೇ ಅವರ ಕೈಗೆ ಅನ್ನದ ಪಾತ್ರೆ ಕೊಡಿ. ಹೆಸರು ವಾರಿಜ, ಬೆಂಗ್ರೆಯ ವಾರಿಜಕ್ಕ.